ಬೆಳಕಿನ ದಾರಕ್ಕೆ ಮೊಳ ಹಾಕುವುದು



ಸಾಫ್ಟ್‌ವೇರ್‌ನವರೇ ತುಂಬಿರುವ ಸಭೆಯಲ್ಲಿ ಕೇಬಲ್ ಎಳೆಸುವವನ ಕೈಗೆ ಮೈಕು ಕೊಟ್ಟಿದ್ದೀರಿ, ಸಂತೋಷ. ನಾನಿರುವುದು ವರ್ಜೀನಿಯಾದ ಆಶ್‌ಬರ್ನ್ ಹತ್ತಿರ. ಅಲ್ಲಿ ಎತ್ತ ನೋಡಿದರೂ ಡೇಟಾ ಸೆಂಟರುಗಳೇ. ಅವುಗಳೊಳಗೆ ಫೈಬರ್ ಕೇಬಲಿನ ಉದ್ದ ಅಳೆಯುವ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಇದೇನು ದೊಡ್ಡ ವಿದ್ಯೆ, ಟೇಪು ಹಿಡಿದರಾಯಿತಲ್ಲ ಅನ್ನಬಹುದು. ಟೇಪು ಎಲ್ಲಿ ಹಿಡಿಯಬೇಕು ಅನ್ನುವುದೇ ಪ್ರಶ್ನೆ.

ನಮ್ಮೂರಲ್ಲಿ ಹೂವಿನವಳು ಮೊಳ ಹಾಕುವಾಗ ಒಂದು ಗೇಣು ಕಮ್ಮಿಯಾದರೆ ಜಗಳ ಅಲ್ಲೇ ಮುಗಿಯುತ್ತದೆ. ಇಲ್ಲಿ ಹಾಗಲ್ಲ. ಟ್ರಂಕ್ ಕೇಬಲುಗಳು ಹೆಚ್ಚಾಗಿ ಎರಡೂ ತುದಿಗೆ ಕನೆಕ್ಟರ್ ಕೂರಿಸಿಕೊಂಡೇ ಕಾರ್ಖಾನೆಯಿಂದ ಬರುತ್ತವೆ. ಸ್ಥಳದಲ್ಲಿ ಕತ್ತರಿಸುವ ಹಾಗಿಲ್ಲ, ಗಂಟು ಹಾಕುವ ಮಾತಂತೂ ಇಲ್ಲವೇ ಇಲ್ಲ.

ಒಂದು ಲೆಕ್ಕ ನೋಡಿ. ನಕ್ಷೆಯಲ್ಲಿ ಎರಡು ರ್ಯಾಕ್‌ಗಳ ನಡುವೆ ನೇರ ಗೆರೆ 15 ಮೀಟರ್. ಆದರೆ ಕೇಬಲ್ ಟ್ರೇ ಹೋದ ದಾರಿಯಲ್ಲೇ ಹೋಗಬೇಕು: ಸಾಲಿನುದ್ದಕ್ಕೆ 9, ಅಡ್ಡಕ್ಕೆ 12, ಅಲ್ಲಿಗೆ 21. 42 ಯು ರ್ಯಾಕ್ ಸುಮಾರು 2 ಮೀಟರ್ ಎತ್ತರ. ಬುಡದಲ್ಲಿರುವ ಯಂತ್ರದಿಂದ ಮೇಲೆ ಹತ್ತಲು 2, ಆ ಕಡೆ ಇಳಿಯಲು 2. ರ್ಯಾಕ್ ತಲೆಯಿಂದ ಟ್ರೇಗೆ ಎರಡೂ ಕಡೆ ಅರ್ಧರ್ಧ. ಸಡಿಲು ಅಂತ ಒಂದೊಂದು ಮೀಟರ್. ಒಟ್ಟು 28! ನಾನಾದರೆ 30 ತರಿಸುತ್ತೇನೆ. ಮೂಲೆಯಲ್ಲಿ ಕೇಬಲನ್ನು ಚೂಪಾಗಿ ಮಡಿಚಿ ಉದ್ದ ಉಳಿಸಲೂ ಆಗದು. ತಿರುವಿನ ತ್ರಿಜ್ಯ ಕೇಬಲಿನ ದಪ್ಪದ 10 ಪಟ್ಟಾದರೂ ಇರಬೇಕು, ಎಳೆಯುವಾಗ 20 ಪಟ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಇಲ್ಲಿ ನಡೆಯುವುದಿಲ್ಲ, ಕಾಲು ನೋಡಿಯೇ ಹಾಸಿಗೆ ಹೊಲಿಸಬೇಕು.

ಹಾಗಂತ ಎಲ್ಲದಕ್ಕೂ 50 ಮೀಟರ್ ತರಿಸುವುದು ಸೋಮಾರಿತನ. ಮಿಕ್ಕಿದ್ದನ್ನು ಸುರುಳಿ ಸುತ್ತಿ ರ್ಯಾಕ್ ಹಿಂದೆ ತುರುಕಿದರೆ ಬಿಸಿಗಾಳಿಯ ದಾರಿಗೇ ಅಡ್ಡ. ಮೇಲಾಗಿ ವೇಗ ಏರಿದಷ್ಟೂ ದೂರ ಇಳಿಯುತ್ತದೆ. ಓಎಂ3 ಫೈಬರಿನಲ್ಲಿ 10 ಗಿಗಾಬಿಟ್ 300 ಮೀಟರ್ ಓಡಿದರೆ, 100 ಗಿಗಾಬಿಟ್ ಎಸ್ಆರ್4 ಓಡುವುದು 70 ಮೀಟರ್ ಮಾತ್ರ. ನಕ್ಷೆಯ 60 ಮೀಟರ್, ಟ್ರೇ ಮೇಲೆ 80 ಆಯಿತು ಅನ್ನಿ, ಲಿಂಕ್ ಮೇಲೇಳುವ ಭರವಸೆಯೇ ಇಲ್ಲ.

ಉದ್ದವನ್ನು ಬೇಕಂತಲೇ ಬೆಳೆಸುವವರೂ ಇದ್ದಾರೆ. ನ್ಯೂಜೆರ್ಸಿಯಲ್ಲಿ ಐಇಎಕ್ಸ್ ಷೇರು ವಿನಿಮಯ ಕೇಂದ್ರದವರು 38 ಮೈಲಿ ಫೈಬರನ್ನು ಒಂದು ಪೆಟ್ಟಿಗೆಯಲ್ಲಿ ಸುತ್ತಿಟ್ಟರು. ಆರ್ಡರುಗಳು 350 ಮೈಕ್ರೋಸೆಕೆಂಡ್ ತಡವಾಗಲಿ, ಅತಿವೇಗದ ವ್ಯಾಪಾರಿಗಳು ಉಳಿದವರನ್ನು ಹಿಂದೆ ಹಾಕದಿರಲಿ ಅಂತ. ಫೈಬರಿನಲ್ಲಿ ಬೆಳಕು ಒಂದು ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತಗೊಳ್ಳುತ್ತೆ, ಲೆಕ್ಕ ನೀವೇ ಹಾಕಿ.

ನನ್ನ ತಕರಾರು ಬೇರೆ. ಒಂದು ಕಡೆ, ಹೆಸರು ಬೇಡ, ನೇರ ಗೆರೆ ನೋಡಿಯೇ 48 ಟ್ರಂಕ್ ತರಿಸಿದ್ದರು. ಒಂದೂ ತಲುಪಲಿಲ್ಲ. ಹೊಸವು ಬರಲು ಮೂರು ವಾರ. ಗೆರೆ ಎಳೆದವರ ಸಂಬಳ ನಿಲ್ಲಲಿಲ್ಲ. ಗಂಟೆ ಲೆಕ್ಕದ ಗುತ್ತಿಗೆ ಹುಡುಗರು ಮೂರು ವಾರ ದುಡಿಮೆಯಿಲ್ಲದೆ ಕೂತರು. ನಿಮ್ಮಲ್ಲಿ ಹಲವರು ಇಂಥ ಆರ್ಡರಿಗೆ ಸಹಿ ಹಾಕುವವರು. ಸಹಿಗೆ ಮುಂಚೆ ಒಂದು ಸಲ ಆ ಹಾಲಿಗೆ ಹೋಗಿ, ತಲೆ ಎತ್ತಿ ಟ್ರೇ ಎಲ್ಲಿ ತಿರುಗುತ್ತದೆ ನೋಡಿ, ಕೆಳಗೆ ನೆಲದ ಟೈಲ್ ಎಣಿಸಿ. ಸಾಮಾನ್ಯವಾಗಿ ಒಂದಕ್ಕೆ 60 ಸೆಂಟಿಮೀಟರ್. ಜೊತೆಗೆ ಎಳೆಯುವ ಹುಡುಗನನ್ನೂ ಕರೆದುಕೊಂಡು ಹೋಗಿ. ಯಾವ ಟ್ರೇ ತುಂಬಿದೆ ಅಂತ ಅವನಿಗೆ ಗೊತ್ತಿರುತ್ತದೆ, ನಕ್ಷೆಗೆ ಗೊತ್ತಿರುವುದಿಲ್ಲ.

ಪ್ರಶ್ನೆಗಳಿದ್ದರೆ ಈಗ ಕೇಳಿ.