ನಗೆಮೊಗದ ದಂಡನಾಯಕ ಜನರಲ್ ತಿಮ್ಮಯ್ಯ

(ಉತ್ಸವದ ಸಂಜೆಯ ಸಭೆಯಲ್ಲಿ ಮಾಡಿದ ಉಪನ್ಯಾಸ)



ತಲಕಾವೇರಿಯಲ್ಲಿ ಹುಟ್ಟಿದ ತಾಯಿ ಕಾವೇರಿ ಕೊಡಗು, ಮೈಸೂರು ಸೀಮೆಗಳನ್ನು ದಾಟಿ ಈ ಭಾಗದ ಹೊಗೇನಕಲ್ಲಿನಲ್ಲಿ ಧುಮುಕುತ್ತಾಳೆ. ಹಾಗೆ ನೋಡಿದರೆ ಹೊಸೂರಿನವರಿಗೆ ಕೊಡಗು ಪರನಾಡೇನಲ್ಲ. ಚಂದ್ರಚೂಡೇಶ್ವರನ ಸನ್ನಿಧಿಗೆ ಬರುವ ಭಕ್ತರಲ್ಲಿ ಮಕ್ಕಳನ್ನು ಸೈನ್ಯಕ್ಕೆ ಕಳಿಸಿದ ಮನೆಯವರೂ ಇರುತ್ತಾರೆ. ಅಂಥವರ ಮುಂದೆ ಆ ಕಾವೇರಿ ನಾಡಿನ ಜನರಲ್ ತಿಮ್ಮಯ್ಯನವರನ್ನು ನೆನೆಯುವುದು ಉಚಿತವೇ ಆಗಿದೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಕಾಫಿ ತೋಟದ ಅನುಕೂಲಸ್ಥ ಮನೆತನ. ಮನೆಯಲ್ಲಿ ಮುದ್ದಿನ ಹೆಸರು 'ದುಬ್ಬು'. ಸೈನ್ಯಕ್ಕೆ ಸೇರಿದ ಮೇಲೆ ಎಲ್ಲರ ಬಾಯಲ್ಲೂ 'ಟಿಮ್ಮಿ'. ದೊಡ್ಡ ಪದವಿಗೇರಿದ ಮೇಲೂ ಆ ಹೆಸರನ್ನು ಯಾರೂ ಬಿಡಲಿಲ್ಲ, ಅವರೂ ಬಿಡಿಸಲಿಲ್ಲ. ಎಂಟು ವರ್ಷದ ಹುಡುಗನಾಗಿ ಕೂನೂರಿನ ಶಾಲೆಗೆ, ಬಳಿಕ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ, ಅಲ್ಲಿಂದ ಡೆಹ್ರಾಡೂನ್, ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾದರು.

ಅವರ ವಿನೋದ ಎಂಥದೆಂಬುದಕ್ಕೆ ಅಲಹಾಬಾದಿನ ಒಂದು ಪ್ರಸಂಗ ಸಾಕು. ಸಿನಿಮಾ ಮಂದಿರದಲ್ಲಿ ಸಮವಸ್ತ್ರ ತೊಟ್ಟು ಕುಳಿತಿದ್ದ ಈ ತರುಣನ ಹೆಗಲನ್ನು ಹಿರಿಯರೊಬ್ಬರು ತಟ್ಟಿ, ಬ್ರಿಟಿಷರ ಸೈನ್ಯದ ಈ ಉಡುಪು ಹೇಗನಿಸುತ್ತದೆ ಎಂದು ಕೇಳಿದರಂತೆ. ಚುಚ್ಚು ಮಾತೇ ಸರಿ. ತಿಮ್ಮಯ್ಯನವರು ಕೊಟ್ಟದ್ದು ಒಂದೇ ಪದದ ಉತ್ತರ: ಸೆಕೆ! ಕೇಳಿದವರು ಬೇರೆ ಯಾರೂ ಅಲ್ಲ, ಪಂಡಿತ ಮೋತಿಲಾಲ ನೆಹರೂ. ಆ ಒಂದು ಪದದಿಂದ ಸ್ನೇಹ ಬೆಳೆಯಿತು. ಮುಂದೊಂದು ದಿನ ತಿಮ್ಮಯ್ಯನವರು, ಕೆಲಸಕ್ಕೆ ರಾಜೀನಾಮೆ ಕೊಟ್ಟು ಸ್ವಾತಂತ್ರ್ಯ ಚಳವಳಿಗೆ ಬರಲೇ ಎಂದು ಕೇಳಿದಾಗ ಮೋತಿಲಾಲರು ಬೇಡವೆಂದರು. ನಾಳೆ ದೇಶ ಸ್ವತಂತ್ರವಾದಾಗ ಕಲಿತ ಸೈನ್ಯಾಧಿಕಾರಿಗಳು ಬೇಕಾಗುತ್ತಾರೆ ಎಂಬುದು ಆ ಹಿರಿಯರ ಅಭಿಪ್ರಾಯ. ಸಮವಸ್ತ್ರ ಉಳಿಯಿತು, ಸೆಕೆಯೂ ಉಳಿಯಿತು!

1935ರ ಜನವರಿಯಲ್ಲಿ ನೀನಾ ಅವರೊಡನೆ ಮದುವೆ. ಹೊಸ ಸಂಸಾರ ಹೂಡಿದ್ದು ಕ್ವೆಟ್ಟಾದಲ್ಲಿ. ಐದು ತಿಂಗಳೂ ತುಂಬಿರಲಿಲ್ಲ, ಮೇ 31ರ ನಸುಕಿನಲ್ಲಿ ಭೂಕಂಪವಾಗಿ ಊರೇ ನೆಲಸಮವಾಯಿತು. ನವದಂಪತಿಗಳಿಬ್ಬರೂ ಪರಿಹಾರ ಕಾರ್ಯಕ್ಕೆ ಇಳಿದರು. ನೀನಾ ಅವರ ಸೇವೆಗೆ ಕೈಸರ್-ಇ-ಹಿಂದ್ ಪದಕ ಬಂತು. ತಿಮ್ಮಯ್ಯನವರ ತಾಯಿ ಸೀತಮ್ಮನವರಿಗೂ ಸಮಾಜಸೇವೆಗಾಗಿ ಅದೇ ಪದಕ ಸಂದಿತ್ತು. ಅತ್ತೆ ಸೊಸೆ ಇಬ್ಬರಿಗೂ ಒಂದೇ ಪದಕ ಬಂದ ಮನೆಗಳು ಎಷ್ಟಿದ್ದಾವು? ಮರುವರ್ಷ ಮಗಳು ಹುಟ್ಟಿದಳು.

ನಗುವವರಿಗೆ ದುಃಖವಿಲ್ಲವೆಂದು ಲೋಕ ತಿಳಿಯುತ್ತದೆ. ಈ ಮನೆಯ ಮೂವರು ಗಂಡುಮಕ್ಕಳೂ ಸೈನ್ಯಾಧಿಕಾರಿಗಳು. ಎರಡನೆಯ ಮಹಾಯುದ್ಧದಲ್ಲಿ ಅಣ್ಣ ಪೊನ್ನಪ್ಪನವರು ನೇತಾಜಿಯವರ ಆಜಾದ್ ಹಿಂದ್ ಫೌಜಿನಲ್ಲಿ, ತಮ್ಮ ತಿಮ್ಮಯ್ಯನವರು ಎದುರು ಪಾಳೆಯದಲ್ಲಿ, ಬರ್ಮಾದ ಅರಾಕಾನಿನಲ್ಲಿ. ಒಬ್ಬಳೇ ತಾಯಿ ಯಾರ ಗೆಲುವಿಗೆ ಹರಕೆ ಹೊರಬೇಕು? ಸ್ವಾತಂತ್ರ್ಯ ಬಂದ ಮೇಲೆ ಕಿರಿಯ ತಮ್ಮ ಸೋಮಯ್ಯನವರು ಕಾಶ್ಮೀರದ ಕಾರ್ಯಾಚರಣೆಯಲ್ಲಿ ನೆಲಬಾಂಬಿಗೆ ಬಲಿಯಾದರು. ಅದೇ ಕಾಶ್ಮೀರದಲ್ಲೇ ತಿಮ್ಮಯ್ಯನವರು ಯುದ್ಧ ನಡೆಸಬೇಕಾಯಿತು.

1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗರು ಲೇಹ್‌ನ ಮರಳುನೆಲದಲ್ಲಿ ಮೊತ್ತಮೊದಲು ಡಕೋಟಾ ವಿಮಾನ ಇಳಿಸಿದಾಗ ಪಕ್ಕದಲ್ಲಿ ತಿಮ್ಮಯ್ಯನವರಿದ್ದರು. ಹನ್ನೊಂದು ಸಾವಿರ ಅಡಿಗೂ ಎತ್ತರದ ಜಾಗ. ಅದೇ ನವೆಂಬರ್ 1ರಂದು ಜೋಜಿಲಾ ಕಣಿವೆ. ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಶತ್ರು ಕನಸಿನಲ್ಲೂ ಎಣಿಸಿರಲಿಲ್ಲ. ಟ್ಯಾಂಕುಗಳ ಮೇಲ್ಭಾಗ ಕಳಚಿ, ಗುಟ್ಟಾಗಿ ಸಾಗಿಸಿ, ಹಿಮದ ನಡುವೆ ನುಗ್ಗಿಸಿದರು. ಮುಂದಿನ ಟ್ಯಾಂಕಿನಲ್ಲಿ ಡಿವಿಜನ್ನಿನ ದಂಡನಾಯಕರೇ ಕುಳಿತಿದ್ದರು. ಹೋಗಿರಿ ಎನ್ನುವವರಲ್ಲ ಅವರು, ಬನ್ನಿರಿ ಎನ್ನುವವರು. ಜವಾನರು ಅವರನ್ನು ಹಚ್ಚಿಕೊಂಡದ್ದು ನಗೆಗಾಗಿ ಮಾತ್ರವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕೊರಿಯಾದ ಯುದ್ಧಕೈದಿಗಳ ತಟಸ್ಥ ಆಯೋಗಕ್ಕೆ ಅಧ್ಯಕ್ಷರಾದದ್ದು, 1954ರ ಪದ್ಮಭೂಷಣ, ಇವೆಲ್ಲ ಬಲ್ಲ ಸಂಗತಿಗಳೇ. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಹೊಂದಲಿಲ್ಲ. 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಬರೆದುಕೊಟ್ಟರು. ಪ್ರಧಾನಿ ಜವಾಹರಲಾಲರ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡರು. ವಿಧಿಯ ಆಟ ನೋಡಿ: ಸುಮಾರು 30 ವರ್ಷದ ಹಿಂದೆ ತಂದೆ ಬೇಡವೆಂದದ್ದನ್ನೇ ಈಗ ಮಗನೂ ಬೇಡವೆಂದರು! ಹಿಂತೆಗೆದದ್ದು ಸರಿಯೇ ಎಂಬ ಚರ್ಚೆ ಮುಗಿದಿಲ್ಲ. ಅದರಿಂದ ಅವರ ಮಾತಿನ ತೂಕ ತಗ್ಗಿತೆಂಬುದಂತೂ ನಿಜ. 1961ರಲ್ಲಿ ನಿವೃತ್ತರಾಗಿ ಕೊಡಗಿಗೆ ಮರಳಿದರು. ಮರುವರ್ಷವೇ ಚೀನಾ ಯುದ್ಧ.

ತೋಟ ನೋಡಿಕೊಂಡು ಇರಬಹುದಾಗಿತ್ತು. 1964ರಲ್ಲಿ ವಿಶ್ವಸಂಸ್ಥೆ ಕರೆಯಿತು. ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪಕ್ಕೆ ಶಾಂತಿಪಡೆಯ ನಾಯಕರಾಗಿ ಹೊರಟರು. ಅಲ್ಲೇ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ ತೀರಿಕೊಂಡರು. ಆಗ 59 ವರ್ಷ. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿದೆ. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗುವ ಇಲ್ಲಿನ ಭಕ್ತರು ಮಡಿಕೇರಿಯನ್ನು ಹಾದೇ ಹೋಗುತ್ತಾರೆ. ಮಕ್ಕಳನ್ನು ಕರೆದುಕೊಂಡು ಒಂದು ಗಂಟೆ ಆ ಮನೆಯಲ್ಲಿ ನಿಲ್ಲಬಹುದು.