ಕೈಗೆ ತಕ್ಕ ಹಿಡಿ

(ಶತಮಾನೋತ್ಸವದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕಬಡ್ಡಿ, ಖೋ ಖೋ ಆಡುವ ನಮ್ಮ ರೊದ್ದದಲ್ಲಿ ಏರ್ ಪಿಸ್ತೂಲಿನ ಮಾತೇಕೆ ಎಂದು ತಾವು ಕೇಳಬಹುದು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು ಬೆಳ್ಳಿ ಗೆದ್ದರು. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನವರೇ ಆದ ದಿವ್ಯಾ ಟಿ. ಎಸ್. ಅವರು ತಂಡ ವಿಭಾಗಗಳಲ್ಲಿ ಎರಡು ಬೆಳ್ಳಿ ಪದಕಗಳಿಗೆ ಪಾಲುದಾರರಾದರು. ಅಂದಿನಿಂದ, "ಮೇಡಂ, ನಮ್ಮ ಮಗುವಿಗೆ ಯಾವ ಪಿಸ್ತೂಲು ಕೊಡಿಸಬೇಕು?" ಎಂದು ಕೆಲವು ಪೋಷಕರು ನನ್ನನ್ನು ಕೇಳುತ್ತಿದ್ದಾರೆ.

ನಾನು ಕ್ರೀಡಾಪಟುವಲ್ಲ. ಈ ವಿಷಯದಲ್ಲಿ ನನಗೆ ಪಾಠ ಕಲಿಸಿದವಳು ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು. ಅವಳು ಎಡಚಿ. ಕಡಿಮೆ ಬೆಲೆಗೆ ದೊರೆಯಿತೆಂದು ಯಾರೋ ಬಳಸಿದ ಪಿಸ್ತೂಲನ್ನು ಕೊಡಿಸಿದೆವು. ಅದರ ಮರದ ಹಿಡಿಯನ್ನು ಬಲಗೈಯ ದೊಡ್ಡ ಅಂಗೈಗೆಂದು ಕೆತ್ತಲಾಗಿತ್ತು. "ಬಲಗೈಯಲ್ಲೇ ಅಭ್ಯಾಸ ಮಾಡು, ಒಗ್ಗುತ್ತದೆ" ಎಂದು ಉಪದೇಶಿಸಿದವಳು ನಾನೇ. ಆರು ತಿಂಗಳಾದರೂ ಗುಂಡುಗಳು ಚದುರಿಯೇ ಬೀಳುತ್ತಿದ್ದವು.

ಕೊನೆಗೆ ಅವಳ ತರಬೇತುದಾರರು ಒಂದು ಸರಳ ಪರೀಕ್ಷೆ ಮಾಡಿಸಿದರು. ಖಾಲಿ ಪಿಸ್ತೂಲನ್ನು ಗುರಿಯತ್ತ ಎತ್ತಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ತೆರೆಯಬೇಕು. ಹಿಡಿ ಕೈಗೆ ಒಪ್ಪಿದ್ದರೆ ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿ ನಿಂತಿರುತ್ತದೆ. ಅವಳದು ಪ್ರತಿ ಬಾರಿಯೂ ಒಂದೇ ಕಡೆಗೆ ಸರಿದಿರುತ್ತಿತ್ತು. ಪಿಸ್ತೂಲನ್ನು ಬದಲಾಯಿಸಬೇಕಾಗಲಿಲ್ಲ, ಎಡಗೈಯ ಚಿಕ್ಕ ಹಿಡಿಯನ್ನು ತರಿಸಿ, ಒತ್ತುವ ಕಡೆ ಅರದಿಂದ ಉಜ್ಜಿ, ಸಡಿಲವಿದ್ದ ಕಡೆ ಪುಟ್ಟಿ ತುಂಬಿ, ಅಂಗೈಯ ಕೆಳಗಿನ ಆಸರೆಯನ್ನು ಹೊಂದಿಸಿದರು. ತೋರುಬೆರಳಿನ ತುದಿಯ ದಿಂಡು ಟ್ರಿಗರನ್ನು ನೇರವಾಗಿ ಹಿಂದಕ್ಕೆ ಎಳೆಯುವಂತೆ ಅದರ ಸ್ಥಾನವನ್ನೂ ಸರಿಪಡಿಸಿದರು.

ಈ ಹೊಂದಾಣಿಕೆಗೆ ನಿಯಮಗಳ ಮೇರೆಯೂ ಇದೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು. ಟ್ರಿಗರಿನ ಎಳೆತ 500 ಗ್ರಾಂಗಿಂತ ಕಡಿಮೆಯಿರಬಾರದು. ಹಿಡಿಯು ಮಣಿಕಟ್ಟಿಗೆ ಆಸರೆಯಾಗಬಾರದು. 10 ಮೀಟರ್ ದೂರದಲ್ಲಿರುವ ಹತ್ತು ಅಂಕದ ವೃತ್ತದ ವ್ಯಾಸ ಎಲ್ಲರಿಗೂ 11.5 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. ಗುರಿಯನ್ನು ಯಾರಿಗೂ ಹಿಗ್ಗಿಸುವುದಿಲ್ಲ. ಹಿಡಿಯನ್ನು ಮಾತ್ರ ಅವರವರ ಕೈಗೆ ತಕ್ಕಂತೆ ತಿದ್ದುತ್ತಾರೆ.

ಅಂದು ಆ ಮರದ ಪುಡಿ ಉದುರುವುದನ್ನು ನೋಡುತ್ತಿದ್ದಾಗ ನನಗೆ ನೆನಪಾದವನು ನನ್ನ ಸೇವೆಯ ಆರಂಭದ ವರ್ಷಗಳ ಒಬ್ಬ ಬಾಲಕ. ಎಡಗೈಯಲ್ಲಿ ಬರೆಯುತ್ತಿದ್ದ ಅವನ ಬಳಪವನ್ನು ಕಿತ್ತು ವರ್ಷವಿಡೀ ಬಲಗೈಗೆ ಕೊಟ್ಟೆ. ಅವನ ಅಕ್ಷರ ಕೆಟ್ಟಿತು. ದಡ್ಡನೆಂಬ ಹೆಸರು ಬಂದಿತು. ಮುಂದೆ ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟ. ಮನೆಯ ಬಡತನವೂ ಅದಕ್ಕೆ ಕಾರಣವಾಗಿತ್ತು. ಆದರೆ ನನ್ನ ಪಾಲನ್ನು ನಾನು ಅಲ್ಲಗಳೆಯಲಾರೆ. ಎಂ.ಎ., ಬಿ.ಎಡ್. ಪದವಿಗಳು ಕಲಿಸದಿದ್ದುದನ್ನು ಒಂದು ಅರ ಕಲಿಸಿತು.

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ: ಮೊದಲೇ ಪಿಸ್ತೂಲು ಕೊಳ್ಳಬೇಡಿ. ತರಬೇತಿ ಕೇಂದ್ರದ ಪಿಸ್ತೂಲಿನಲ್ಲಿ ಮಗು ಕೆಲವು ತಿಂಗಳು ಕಲಿಯಲಿ. ಯಾವ ಕೈ, ಯಾವ ಕಣ್ಣು ಪ್ರಧಾನವೆಂದು ತರಬೇತುದಾರರು ನೋಡಲಿ. ಎಷ್ಟು ತೂಕವನ್ನು ತೋಳು ನಡುಗದೆ ತಾಳುತ್ತದೆಂದು ತಿಳಿದ ಮೇಲೆ ಆರಿಸಿ. ಬಳಸಿದ ಪಿಸ್ತೂಲಾದರೂ ಸರಿ, ಹಿಡಿ ಮಾತ್ರ ಮಗುವಿನದೇ ಆಗಿರಲಿ. ಮನೆಯಲ್ಲಿ ಅದು ಖಾಲಿಯಾಗಿ, ಬೀಗದೊಳಗಿರಲಿ.

ಶಿಕ್ಷಕ ಮಿತ್ರರಲ್ಲಿ ಒಂದೇ ಮಾತು: ಮಗುವಿಗೆ ಪಾಠ ಹತ್ತದಿದ್ದಾಗ ಮೊದಲು ಹಿಡಿಯನ್ನು ಪರೀಕ್ಷಿಸೋಣ, ಆಮೇಲೆ ಕೈಯನ್ನು. ಈ ನೂರು ವರ್ಷಗಳಲ್ಲಿ ನಾವು ಹಾಗೆ ನೋಡದೆ ಕಳೆದುಕೊಂಡ ಮಕ್ಕಳಲ್ಲಿ ಯಾರಾದರೂ ಇಂದು ಈ ಸಭೆಯಲ್ಲಿದ್ದರೆ, ಅವರಲ್ಲಿ ನಾನು ಕ್ಷಮೆ ಕೋರುತ್ತೇನೆ.