ದೋಣಿಯ ಒಳಹಲಗೆ: ಕೊಳೆಯದ ಸಾಮಗ್ರಿಯ ಆಯ್ಕೆ



ಸಂವಿಧಾನದ ಹನ್ನೊಂದನೆಯ ಅನುಸೂಚಿಯ 13ನೇ ಬಾಬು ರಸ್ತೆ, ಮೋರಿ, ಸೇತುವೆಗಳ ಜೊತೆಗೆ ತಾರಿ ಮತ್ತು ಜಲಮಾರ್ಗಗಳನ್ನೂ ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಯ ಊರುಗಳಿಗೆ ಇದು ಕೇವಲ ಕಾಗದದ ಮಾತಲ್ಲ. ಶಾಲೆಯ ಮಕ್ಕಳೂ ಮೀನಿನ ಬುಟ್ಟಿ ಹೊತ್ತ ತಾಯಂದಿರೂ ಕಾಲ ಕೆಳಗಿನ ಹಲಗೆಯನ್ನು ನಂಬಿ ಹೊಳೆ ದಾಟುತ್ತಾರೆ. ಹೊಳೆಯ ನಡುವೆ ಆ ಹಲಗೆ ಮುರಿದು, ಗಾಬರಿಗೊಂಡ ಜನ ಒಂದೇ ಬದಿಗೆ ಸರಿದರೆ ದೋಣಿಯೇ ವಾಲೀತು. ಆದುದರಿಂದ ಒಳಹಲಗೆಯ ಬದಲಾವಣೆಯನ್ನು ಸಣ್ಣ ರಿಪೇರಿಯೆಂದು ಭಾವಿಸಬಾರದು.

ಮೊದಲು ಕೊಳೆಯುವಿಕೆಯ ಕಾರಣವನ್ನು ತಿಳಿಯೋಣ. ಹಲಗೆಯನ್ನು ಕೊಳೆಸುವುದು ಶಿಲೀಂಧ್ರ. ಮರದ ತೇವಾಂಶ ಸುಮಾರು ಶೇ. 20ಕ್ಕಿಂತ ಕಡಿಮೆಯಿದ್ದರೆ ಅದು ಬೆಳೆಯದು; ಪೂರ್ತಿ ಮುಳುಗಿದ ಮರದಲ್ಲಿ ಗಾಳಿಯಿಲ್ಲದೆ ಬಾಳದು; ಉಪ್ಪುನೀರೂ ಅದನ್ನು ತಡೆಯುತ್ತದೆ. ನೀರಿನಲ್ಲಿರುವ ದೋಣಿಯ ಹೊರಮೈಗೆ ಮರ ಕೊರೆಯುವ ಕಡಲಹುಳು ಶತ್ರುವಾದರೆ, ಒಳಹಲಗೆಗೆ ಶತ್ರು ಮಳೆಯ ಸಿಹಿನೀರು. ಆ ನೀರು ಹಲಗೆಯ ಅಡಿಯಲ್ಲಿ ನಿಂತು, ಗಾಳಿಯಾಡದೆ, ಆರದೆ ಉಳಿದಾಗ ಕೊಳೆ ಆರಂಭವಾಗುತ್ತದೆ. ಹೀಗಾಗಿ ಸಾಮಗ್ರಿ ಎಷ್ಟು ಉತ್ತಮವಾಗಿದ್ದರೂ ನೀರು ಹರಿದುಹೋಗಲು ದಾರಿಯಿಲ್ಲದಿದ್ದರೆ ಮಾಡಿದ ಖರ್ಚು ನಿಷ್ಫಲ.

ಇನ್ನು ಸಾಮಗ್ರಿಗಳ ವಿಚಾರ.

ಒಂದು, ಮರ. ತೇಗ ಮತ್ತು ಹೆಬ್ಬಲಸು ನಮ್ಮ ಕರಾವಳಿಯ ದೋಣಿ ಕಟ್ಟುವವರು ಹಿಂದಿನಿಂದ ನಂಬಿದ ಮರಗಳು. ಆದರೆ ಬಾಳಿಕೆಯ ಗುಣವಿರುವುದು ಕೆಚ್ಚಿನಲ್ಲಿ ಮಾತ್ರ. ಅದೇ ತೇಗದ ಹೊರಭಾಗದ ಬಿಳಿ ಮರ ಬೇಗ ಕೊಳೆಯುತ್ತದೆ. ಅಂದಾಜು ಪಟ್ಟಿಯಲ್ಲಿ ‘ತೇಗ’ ಎಂದಷ್ಟೇ ಬರೆದರೆ ಸಾಲದು. ‘ಒಣಗಿಸಿದ, ಕೆಚ್ಚಿನ ಹಲಗೆ’ ಎಂದು ಬರೆಯಬೇಕು. ಮಾವಿನ ಮರ ಅಗ್ಗವಾದರೂ ಸಂರಕ್ಷಕ ಉಪಚಾರವಿಲ್ಲದೆ ಬಾಳುವುದಿಲ್ಲ.

ಎರಡು, ಪ್ಲೈವುಡ್. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂದು ಹೇಳಿ ಮಾರುವುದೆಲ್ಲ ಮರೀನ್ ಪ್ಲೈವುಡ್ ಅಲ್ಲ. ಐಎಸ್‌ಐ ಗುರುತಿನೊಂದಿಗೆ ಐಎಸ್ 710 ಎಂಬ ಸಂಖ್ಯೆ ಹಾಳೆಯ ಮೇಲೆ ಇರಬೇಕು. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ನ ಸಂಖ್ಯೆ. 710ರ ಅಂಟು 72 ಗಂಟೆ ಕುದಿನೀರಿನ ಪರೀಕ್ಷೆಯನ್ನು ತಾಳಬೇಕು. ಹಾಗಿದ್ದರೂ ಕತ್ತರಿಸಿದ ಅಂಚು ನೀರನ್ನು ಹೀರುತ್ತದೆ. ಅಂಚುಗಳು, ತಿರುಪಿನ ರಂಧ್ರಗಳು ಹಾಗೂ ಎರಡೂ ಮುಖಗಳಿಗೆ ಎಪಾಕ್ಸಿ ಲೇಪನ ಕಡ್ಡಾಯ. ಮೇಲ್ಮುಖಕ್ಕೆ ಮಾತ್ರ ಫೈಬರ್ ಹೊದಿಸಿದರೆ ಕೆಳಗಿನಿಂದ ಏರಿದ ತೇವ ಒಳಗೇ ಸಿಕ್ಕಿಕೊಂಡು ಕೊಳೆಯನ್ನು ಹೆಚ್ಚಿಸುತ್ತದೆ.

ಮೂರು, ಮರವಲ್ಲದ ಸಾಮಗ್ರಿ. ಫೈಬರ್ ಜಾಲರಿ ಕೊಳೆಯದು, ನೀರನ್ನೂ ನಿಲ್ಲಗೊಡದು. ಪ್ಲಾಸ್ಟಿಕ್ ಹಲಗೆಯೂ ಕೊಳೆಯದು. ಆದರೆ ಭಾರಕ್ಕೆ ಬಾಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ, ಆದ್ದರಿಂದ ಅದರ ಅಡಿಯ ತೊಲೆಗಳು ಹತ್ತಿರ ಹತ್ತಿರ ಇರಬೇಕು. ಅಲ್ಯೂಮಿನಿಯಂ ಹಗುರವಾದರೂ ಬೇಸಗೆಯಲ್ಲಿ ಬರಿಗಾಲಿಗೆ ಸುಡುತ್ತದೆ. ತಾಮ್ರಯುಕ್ತ ಸಂರಕ್ಷಕ ಹಾಕಿದ ಮರವನ್ನು ಅಲ್ಯೂಮಿನಿಯಂಗೆ ತಾಗಿಸಬಾರದು, ಲೋಹ ತಿನ್ನಲ್ಪಡುತ್ತದೆ. ಉಪ್ಪುನೀರಿನಲ್ಲಿ ತಿರುಪುಗಳು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವೇ ಆಗಿರಲಿ.

ಬೆಲೆಯ ಪ್ರಶ್ನೆ ಸಭೆಯಲ್ಲಿ ಬಂದೇ ಬರುತ್ತದೆ. ಹಳೆಯ ಹಲಗೆ ಕೀಳುವ ಕೂಲಿ, ಜೋಡಿಸುವ ಕೂಲಿ, ತಾರಿ ನಿಂತ ದಿನಗಳಲ್ಲಿ ಜನರು ಸುತ್ತಿಬಳಸಿ ನಡೆಯುವ ಕಷ್ಟ – ಇವು ಅಗ್ಗದ ಹಲಗೆಗೂ ಒಳ್ಳೆಯ ಹಲಗೆಗೂ ಒಂದೇ. ಎರಡು ಪಟ್ಟು ಬೆಲೆಯ ಹಲಗೆ ಮೂರು ಪಟ್ಟು ಕಾಲ ಬಾಳಿದರೆ ಲಾಭ ಪಂಚಾಯತಿಗೇ. ಕಡಿಮೆ ದರವನ್ನು ಒಪ್ಪುವುದು ನಿಯಮ. ಆದರೆ ಯಾವ ವಸ್ತುವಿಗೆ ದರ ಕೇಳಬೇಕೆಂಬುದನ್ನು ಮೊದಲೇ ಸ್ಪಷ್ಟವಾಗಿ ಬರೆಯುವುದು ನಮ್ಮ ಕೈಯಲ್ಲಿದೆ. ಅಸ್ಪಷ್ಟವಾದ ಅಂದಾಜು ಪಟ್ಟಿಯೇ ಕಳಪೆ ಸಾಮಗ್ರಿಗೆ ಬಾಗಿಲು.

ಆದ್ದರಿಂದ ಕಾಮಗಾರಿಯನ್ನು ಅನುಮೋದಿಸುವ ಮೊದಲು ಸದಸ್ಯರು ಐದು ಪ್ರಶ್ನೆಗಳನ್ನು ಕೇಳಬೇಕೆಂದು ವಿನಂತಿಸುತ್ತೇನೆ:

1. ಹಲಗೆಯ ಅಡಿಯ ತೊಲೆಗಳನ್ನು ಚೂಪಾದ ಉಪಕರಣದಿಂದ ಚುಚ್ಚಿ ಪರೀಕ್ಷಿಸಲಾಗಿದೆಯೇ? ಕೊಳೆತ ತೊಲೆಯ ಮೇಲೆ ಹೊಸ ಹಲಗೆ ಹಾಕುವುದು ವ್ಯರ್ಥ.
2. ಸಾಮಗ್ರಿಯ ದರ್ಜೆ, ದಪ್ಪ ಮತ್ತು ಗುರುತು ಅಂದಾಜು ಪಟ್ಟಿಯಲ್ಲಿ ಇವೆಯೇ?
3. ಅಂಚು ಮತ್ತು ರಂಧ್ರಗಳ ಲೇಪನ ಪ್ರತ್ಯೇಕ ಬಾಬಾಗಿ ನಮೂದಾಗಿದೆಯೇ?
4. ನೀರು ಒಂದೆಡೆ ಹರಿದು ಸೇರಲು ದಾರಿ, ಅದನ್ನು ಎತ್ತಿ ಚೆಲ್ಲಲು ತೆಗೆಯಬಹುದಾದ ಹಲಗೆ ಇವೆಯೇ?
5. ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ ಮಾಡಿ ವಹಿಯಲ್ಲಿ ದಾಖಲಿಸುವ ಹೊಣೆ ಯಾರದು?

ಐದಕ್ಕೂ ಉತ್ತರ ದೊರೆತ ಬಳಿಕವೇ ನಡವಳಿಗೆ ಸಹಿ ಹಾಕೋಣ. ಹೊಳೆ ದಾಟುವವರಿಗೆ ಹಲಗೆಯ ಅಡಿಯಲ್ಲಿ ಏನಿದೆಯೆಂಬುದು ಕಾಣುವುದಿಲ್ಲ. ಅದನ್ನು ಅವರ ಪರವಾಗಿ ನೋಡಬೇಕಾದವರು ನಾವು.